ಸ್ಪಷ್ಟನೆ: ವರ್ಚುವಲ್ ಅಸಿಸ್ಟೆಂಟ್ 'ಕ್ಲಿಯರ್' ಅಂದರೆ ಅಡ್ವಾನ್ಸ್ ಕೊಡಬಹುದೇ?

'ವರ್ಚುವಲ್ ಅಸಿಸ್ಟೆಂಟ್ ಒಬ್ಬರಿದ್ದರೆ ಸಾಕು, ಪಹಣಿ, ಇಸಿ ಆನ್‌ಲೈನಲ್ಲೇ ನೋಡಿ ಜಮೀನು ಕ್ಲಿಯರ್ ಅಂತಾರೆ, ಅಡ್ವಾನ್ಸ್ ಹಾಕಿಬಿಡಿ' ಎಂಬ ಸಂದೇಶ ಗಂಗಾವತಿ, ಸಿಂಧನೂರು ಕಡೆ ಜಮೀನು ಕೊಳ್ಳುವವರ ನಡುವೆ ಓಡಾಡುತ್ತಿದೆ. ವರ್ಚುವಲ್ ಅಸಿಸ್ಟೆಂಟ್ ಎಂದರೆ ದೂರದಲ್ಲೇ ಕೂತು ಆನ್‌ಲೈನ್ ಕೆಲಸ ಮಾಡಿಕೊಡುವವರು, ಇಸಿ ಎಂದರೆ ಋಣಭಾರ ಪ್ರಮಾಣಪತ್ರ. ಸಂದೇಶ ಅರ್ಧ ಸರಿ, ಅಪಾಯ ಇರುವುದು ಉಳಿದರ್ಧದಲ್ಲಿ.

ಭೂಮಿ ಪೋರ್ಟಲ್‌ನಲ್ಲಿ ಪಹಣಿ ತೆಗೆಯುವುದು, 11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆ ನಮೂದಾಗಿದೆಯೇ ನೋಡುವುದು, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿಗಳನ್ನು ವರ್ಷವಾರು ಜೋಡಿಸುವುದು ದೂರದಿಂದಲೇ ಧಾರಾಳವಾಗಿ ಆಗುತ್ತದೆ. ಎಡವುವುದು ಇಸಿಯಲ್ಲಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಿಗುವುದು ಹೆಚ್ಚುಕಡಿಮೆ 2004ರಿಂದ ಈಚಿನದು. ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಹಿಸ್ಸಾ (ಸರ್ವೆ ನಂಬರಿನ ಉಪವಿಭಾಗ) ನಂಬರು ತಪ್ಪಾಗಿ ಹಾಕಿದರೂ 'ಋಣಭಾರ ಇಲ್ಲ' ಎಂದು ಬರಬಹುದು, ಅದನ್ನೇ ನಂಬಿ ಕೂರುವವರಿದ್ದಾರೆ! ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದೇ ಇಲ್ಲ. ಹೆಣ್ಣುಮಕ್ಕಳ ಹಕ್ಕು ತಿಳಿಯಲು ವಂಶವೃಕ್ಷ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಇದಕ್ಕೆ ಮೂಲ ಮಂಜೂರಾತಿ ಕಡತವನ್ನೇ ತಹಶೀಲ್ದಾರ್ ಕಚೇರಿಯಲ್ಲಿ ನೋಡಬೇಕು.

ಕಾಲುವೆ ಕೆಳಗಿನ ಗದ್ದೆಯಾದರೆ ಹೊಲಕ್ಕೇ ಹೋಗಿ. ಕೊನೆಯ ಭಾಗಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಪಹಣಿ ಹೇಳುವುದಿಲ್ಲ. ಬಂಡಿದಾರಿ ತಕರಾರೂ ಅಷ್ಟೇ.

ಅಸಿಸ್ಟೆಂಟ್‌ಗೆ ಒಂದೇ ಹಾಳೆಯ ನಮೂನೆ ಕೊಡಿ: ಹೋಬಳಿ, ಸರ್ವೆ-ಹಿಸ್ಸಾ, ಎಕರೆ-ಗುಂಟೆ, 11ನೇ ಕಾಲಂನ ಬರಹ ಇದ್ದದ್ದಿದ್ದಂತೆ. 'ಕ್ಲಿಯರ್' ಎಂಬ ಕಾಲಂ ಬೇಡ, ಆ ಮಾತು ವಕೀಲರು ಹೇಳಲಿ. ನಿಮ್ಮ ಒಟಿಪಿಯನ್ನಂತೂ ಕೊಡಲೇಬೇಡಿ. ಇನ್ನು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿತ ಲೇಔಟಿನ ಪ್ಲಾಟುಗಳನ್ನು ಕಮಿಷನ್ ಮೇಲೆ ಮಾರಿಸಿದರೆ ಅಸಿಸ್ಟೆಂಟ್ ಕೂಡ ಏಜೆಂಟರೇ, 2016ರ ರೇರಾ ಕಾಯ್ದೆಯಡಿ ನೋಂದಣಿ ಬೇಕು.