ಭಯಕ್ಕಿಂತ ಕಣ್ಣಿನ ಅಂದಾಜೇ ಜಾಸ್ತಿ ತಪ್ಪುತ್ತದೆ

ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕಲಿಯುವವರು ಇಳಿಯುವಾಗ ಅಪಘಾತ ಮಾಡಿಕೊಳ್ಳುವುದು ಭಯದಿಂದ ಎಂದು ಲೇಖನದಲ್ಲಿ ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ನಾನು ಧಾರವಾಡದವನು. ಪುಣೆಗೆ ಕೆಲಸಕ್ಕೆ ಬಂದ ಮೇಲೆ ಕೆಲವು ತಿಂಗಳು ಗ್ಲೈಡರ್ ಕಲಿತೆ. ನನಗೆ ಕೈಕೊಟ್ಟಿದ್ದು ಕಣ್ಣು.

ಒಮ್ಮೆ ನೆಲ ಬಂದೇಬಿಟ್ಟಿತು ಅಂದುಕೊಂಡು ಇನ್ನೂ ಮೇಲಿರುವಾಗಲೇ ಸ್ಟಿಕ್ (ಗ್ಲೈಡರಿನ ಮೂಗನ್ನು ಏರಿಸಿ ಇಳಿಸುವ ಕೋಲು) ಹಿಂದಕ್ಕೆ ಎಳೆದೆ. ಗ್ಲೈಡರ್ ತೇಲಿತು, ವೇಗ ಇಳಿಯಿತು, ಧೊಪ್ ಅಂತ ಬಿತ್ತು. ಹಿಂದಿನ ಸೀಟಿನಲ್ಲಿದ್ದ ಗುರುಗಳು ಕೂಡಲೇ, ರೆಕ್ಕೆಯಿಂದ ಎದ್ದು ಗ್ಲೈಡರನ್ನು ಬೇಗ ಕೆಳಗಿಳಿಸುವ ಏರ್‌ಬ್ರೇಕ್ ಮುಚ್ಚದಿದ್ದರೆ ಇನ್ನೂ ಜೋರಾಗಿ ಬೀಳುತ್ತಿತ್ತು. ಎರಡು ದಿನ ಸೊಂಟ ಹಿಡಿದುಕೊಂಡೇ ಆಫೀಸಿಗೆ ಹೋದೆ. ಹೆಂಡತಿಗೆ ಮಾತ್ರ ಸ್ವಾರಗೇಟ್ ರಸ್ತೆಯ ಗುಂಡಿ ಅಂತ ಸುಳ್ಳು ಹೇಳಿದ್ದೆ! 'ಮೈದಾನದ ಆ ತುದಿ ನೋಡು, ಮೂಗಿನ ಮುಂದಿನ ಹುಲ್ಲನ್ನಲ್ಲ' ಎಂದು ಗುರುಗಳು ಅದೆಷ್ಟು ಸಲ ಹೇಳಿದ್ದರೋ.

ಇನ್ನು ಗಾಳಿ. ನೆಲದ ಹತ್ತಿರ ಎದುರುಗಾಳಿ ಕಡಿಮೆಯಾಗುತ್ತದೆ, ಅದರ ಜೊತೆ ವೇಗದ ಮೀಟರಿನ ಮುಳ್ಳೂ ಇಳಿಯುತ್ತದೆ. ಅದಕ್ಕೇ ಗಾಳಿ ಜೋರಿದ್ದ ದಿನ ಸ್ವಲ್ಪ ಜಾಸ್ತಿ ವೇಗ ಇಟ್ಟುಕೊಂಡು ಬರಬೇಕು. ಎಂಜಿನ್ ಇಲ್ಲ ನೋಡಿ, ಅಂದಾಜು ತಪ್ಪಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಹಾಕಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಅಪಾಯ ಅನ್ನಿಸುವುದು ಇಳಿಯುವ ಮುನ್ನ ಮೈದಾನದ ಕಡೆ ತಿರುಗುವ ಕೊನೆಯ ತಿರುವು. ಕಡಿಮೆ ಎತ್ತರದಲ್ಲಿ, ನಿಧಾನ ವೇಗದಲ್ಲಿ, ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ತಿರುಗಿಸಲು ಹೋದರೆ ಸ್ಟಾಲ್ ಆಗಿ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು), ಗಿರಗಿರ ಸುತ್ತುತ್ತಾ ಕುಸಿಯುವ ಸ್ಪಿನ್‌ಗೆ ಬೀಳಬಹುದು. ಸರಿಮಾಡಿಕೊಳ್ಳಲು ಎತ್ತರವೇ ಇರುವುದಿಲ್ಲ. ಲೇಖನದಲ್ಲಿ ಅದರ ಬಗ್ಗೆ ಒಂದೇ ಸಾಲು ಇದೆ. ಅದನ್ನೇ ಬಿಡಿಸಿ ಬರೆಯಬೇಕಿತ್ತು ಅಲ್ವಾ?