ರೆನೆ ಕ್ಲೇರ್ ಹಾಸ್ಯದಲ್ಲಿ ಮಾತಿಗೆ ಇಷ್ಟು ಕಡಿವಾಣ ಬೇಕಿತ್ತೇ?

ಪರ

ಮಾತು ಬಂದ ಹೊಸತರಲ್ಲಿ ಸಿನಿಮಾ ನಿಂತಲ್ಲೇ ನಿಂತುಬಿಟ್ಟಿತ್ತು. ತಿರುಗುವ ಸದ್ದು ಮೈಕಿಗೆ ಬೀಳಬಾರದೆಂದು ಕ್ಯಾಮೆರಾವನ್ನು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ನಟರು ಮೈಕ್ ಬಿಟ್ಟು ಅಲುಗಾಡುವಂತಿರಲಿಲ್ಲ. 1931ರಲ್ಲಿ ನಿರ್ದೇಶಕ ರೆನೆ ಕ್ಲೇರ್ ಫ್ರಾನ್ಸಿನಲ್ಲಿ, ಮಾತನ್ನು ಹಿಡಿತದಲ್ಲಿಟ್ಟು, ‘ಲ ಮಿಲಿಯೊಂ’ ಎಂಬ ಹಾಸ್ಯಚಿತ್ರ ತೆಗೆದರು. ಎಷ್ಟು ಹಗುರಾಗಿ ಓಡುತ್ತದೆ ಆ ಚಿತ್ರ! ಲಾಟರಿ ಟಿಕೆಟ್ ಇರುವ ಹಳೇ ಕೋಟು ಕೈಯಿಂದ ಕೈಗೆ ದಾಟುತ್ತದೆ. ಮೈತುಂಬ ಸಾಲ ಮಾಡಿಕೊಂಡ ಚಿತ್ರಕಾರ ಮಿಶೆಲ್ ಅದರ ಬೆನ್ನು ಹತ್ತುತ್ತಾನೆ. ಕಥೆ ಇಷ್ಟೇ.

ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ದೃಶ್ಯ ನೋಡಿ. ಮುನಿಸಿಕೊಂಡ ಮಿಶೆಲ್ ಮತ್ತು ಅವನ ಪ್ರೇಯಸಿ ಬಿಯಾಟ್ರಿಸ್, ಪರದೆ ಏಳುವಾಗ ರಂಗದ ಮೇಲೆ ಸೆಟ್ಟಿನ ಹಿಂದೆ ಸಿಕ್ಕಿಬೀಳುತ್ತಾರೆ. ಹೊರಗೆ ಹೋಗುವಂತಿಲ್ಲ, ಬಾಯಿ ಬಿಡುವಂತಿಲ್ಲ. ಮುಂದೆ, ಆಗಷ್ಟೇ ಕಚ್ಚಾಡಿದ ದಪ್ಪನೆಯ ಗಾಯಕ-ಗಾಯಕಿ ಪ್ರೇಮಗೀತೆ ಶುರು ಮಾಡುತ್ತಾರೆ. ಅವರ ಪಾಲಿಗೆ ಅದು ಬರೀ ನಾಟಕ. ಹಿಂದೆ ಕೂತ ಇವರಿಗೆ ಒಂದೊಂದು ಸಾಲೂ ನಾಟುತ್ತದೆ. ಮೇಲಿಂದ ಕೆಲಸದವನೊಬ್ಬ ಹೂವಿನೆಸಳು ಉದುರಿಸುತ್ತಾನೆ. ಹಾಡು ಮುಗಿಯುವಷ್ಟರಲ್ಲಿ ಮುನಿಸು ಕರಗಿರುತ್ತದೆ. ಮೂಕಿ ಚಿತ್ರಕ್ಕೆ ಇದು ಸಾಧ್ಯವಿರಲಿಲ್ಲ. ಇಬ್ಬರೂ ಪಟಪಟ ಮಾತಾಡಿ ರಾಜಿಯಾಗಿದ್ದರೂ ಇಷ್ಟು ಚಂದ ಬರುತ್ತಿರಲಿಲ್ಲ.

ಆ ಹಳೇ ಕೋಟಿಗಾಗಿ ನಡೆಯುವ ಎಳೆದಾಟಕ್ಕಂತೂ ರಗ್ಬಿ ಮೈದಾನದ ಸೀಟಿ, ಜನರ ಕೂಗನ್ನೇ ಜೋಡಿಸಿದ್ದಾರೆ. ತೆರೆ ಮೇಲೆ ಕಂಡದ್ದರ ಸದ್ದನ್ನೇ ಕೇಳಿಸಬೇಕು ಅನ್ನೋ ನಿಯಮವೇನಿಲ್ಲ, ಅಲ್ವಾ?

ವಿರೋಧ

ಒಪೆರಾ ದೃಶ್ಯ ಚಂದವೇ. ಆದರೆ ಅಲ್ಲಿ ಜೀವ ಇರುವುದು ಹಾಡಿನಲ್ಲಿ, ಆ ಇಬ್ಬರಲ್ಲಿ ಅಲ್ಲ. ಚಿತ್ರ ಮುಗಿದ ಮೇಲೂ ಮಿಶೆಲ್ ಎಂಥವನು ಅಂತ ಹೇಳುವುದು ಕಷ್ಟ. ಸಾಲ ಕೊಟ್ಟವರು, ಪೊಲೀಸರು, ಕಳ್ಳರು, ಎಲ್ಲರೂ ಕ್ಲೇರ್ ಹಾಕಿದ ತಾಳಕ್ಕೆ ಕುಣಿಯುವ ಸೂತ್ರದ ಬೊಂಬೆಗಳು.

ಮಾತಿನ ಮೇಲೆ ಕ್ಲೇರ್ ಅವರಿಗೆ ಮೊದಲಿನಿಂದಲೂ ಗುಮಾನಿ. ಅದು ಅತಿಯಾಯಿತು. 1932ರಲ್ಲಿ ಹಾಲಿವುಡ್‌ನಲ್ಲಿ ಎರ್ನ್ಸ್ಟ್ ಲೂಬಿಷ್ ತೆಗೆದ ‘ಟ್ರಬಲ್ ಇನ್ ಪ್ಯಾರಡೈಸ್’ ನೋಡಿ. ಶ್ರೀಮಂತರ ವೇಷದ ಇಬ್ಬರು ಕಳ್ಳರು, ಒಬ್ಬ ಗಂಡಸು, ಒಬ್ಬ ಹೆಂಗಸು, ಊಟಕ್ಕೆ ಕೂತಿದ್ದಾರೆ. ನೀವು ಕಳ್ಳ ಅಂತ ಅವಳು ತಣ್ಣಗೆ ಹೇಳಿ, ಅದೇ ಉಸಿರಿನಲ್ಲಿ ಉಪ್ಪು ಕೇಳುತ್ತಾಳೆ. ಅವನು ಮರ್ಯಾದೆಯಿಂದ ಉಪ್ಪು ಕೊಡುತ್ತಾನೆ. ಅವಳ ಧೈರ್ಯ, ಅವನ ಠೀವಿ, ಹುಟ್ಟುತ್ತಿರುವ ಪ್ರೀತಿ, ಎಲ್ಲವೂ ಆ ಎರಡು ಮಾತಿನಲ್ಲೇ ಸಿಗುತ್ತವೆ. ಮಾತು ಜಾಸ್ತಿಯಾದರೆ ಚಿತ್ರ ಸಾಯುತ್ತದೆ ಅನ್ನೋ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕ್ಲೇರ್ ಅವರ ಪ್ರೇಮಿಗಳ ಪಾಲಿನ ಮಾತನ್ನು ಬೇರೆಯವರು ಹಾಡಿಬಿಟ್ಟರು. ಇನ್ನೊಬ್ಬಳ ಜೊತೆ ಸರಸವಾಡಿದ ಮಿಶೆಲ್‌ನನ್ನು ಬಿಯಾಟ್ರಿಸ್ ಯಾಕೆ ಕ್ಷಮಿಸಿದಳು? ಅದನ್ನು ಅವಳ ಬಾಯಿಂದಲೇ ಕೇಳಬೇಕಿತ್ತು.