ಮಳೆ ಬಂತು, ಪಂದ್ಯ ಹೋಯಿತು

ಈ ಚಳಿಗಾಲದಲ್ಲಿ ಇದು ಮೂರನೇ ಸಲ! ಇಂಗ್ಲೆಂಡಿನ ಜನವರಿ ಮಳೆಯಲ್ಲಿ ಎರಡು ರೈಲು, ಒಂದು ಬಸ್ಸು ಹಿಡಿದು ಊರಾಚೆಯ ಪುಟ್ಟ ಫುಟ್ಬಾಲ್ ಮೈದಾನಕ್ಕೆ ಹೋದೆ. ಏಳನೇ ಹಂತದ ಲೀಗ್, 3 ಗಂಟೆಗೆ ಆಟ. ಎರಡೂವರೆಗೆ ರೆಫರಿ ಗೋಲಿನ ಮುಂದೆ ಚೆಂಡು ಬಿಟ್ಟು ನೋಡಿದರು. ಪುಟಿಯಲೇ ಇಲ್ಲ, ನೀರಲ್ಲಿ ಪಚಕ್ ಅಂತ ಕೂತಿತು. ಪಂದ್ಯ ಇನ್ನೊಂದು ದಿನಕ್ಕೆ ಮುಂದಕ್ಕೆ.

ಮಳೆ ಬೆಳಗಿನಿಂದಲೂ ಸುರಿಯುತ್ತಿತ್ತಲ್ಲ, ಮೈದಾನವನ್ನು ಹತ್ತು ಗಂಟೆಗೇ ನೋಡಲು ಏನು ಕಷ್ಟ?

ಆಟ ನಡೆದ ದಿನವಾದರೂ ಸುಖವಿದೆಯಾ? ತಗಡಿನ ಸೂರು ಒಂದೇ ಕಡೆ, ಗಾಳಿ ಮಳೆಯನ್ನು ಅದರೊಳಗೇ ನೂಕುತ್ತದೆ. ಟೀಗೆ ಸಾಲು ನಿಲ್ಲಬೇಕಾದ್ದು ಬಯಲಲ್ಲಿ. ಎಲ್ಲಕ್ಕಿಂತ ಮೇಲಿನ ಹಂತದ ಪ್ರೀಮಿಯರ್ ಲೀಗ್ ಮೈದಾನಗಳಲ್ಲಿ ಹುಲ್ಲಿನ ಕೆಳಗೂ ಬಿಸಿ ಮಾಡುವ ವ್ಯವಸ್ಥೆ. ಇಲ್ಲಿ ನೀರು ಹರಿದುಹೋಗಲು ಒಂದು ಚರಂಡಿಯೂ ನೆಟ್ಟಗಿಲ್ಲ. ದುಡ್ಡೆಲ್ಲ ಮೇಲೇ ಉಳಿದರೆ ಇನ್ನೇನಾಗುತ್ತದೆ, ಅಲ್ವಾ?